ಟಿ4 ಮತ್ತು ಕಾರ್ಟಿಸಾಲ್: ನಿಮ್ಮ ರಿಪೋರ್ಟ್‌ನ ಎರಡು ಸಾಲುಗಳ ಹಿಂದೆ ಒಬ್ಬರೇ ವಿಜ್ಞಾನಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನೀವಿದ್ದರೆ ಇಂಥದ್ದೊಂದು ಸಂದೇಶ ನಿಮಗೂ ಬಂದಿರಬಹುದು. ಥೈರಾಯ್ಡ್ ಮಾತ್ರೆ ನುಂಗಿದರೂ ಸುಸ್ತು ಹೋಗುತ್ತಿಲ್ಲವೇ, ಹಾಗಾದರೆ ನಿಮ್ಮ ಅಡ್ರಿನಲ್ ಗ್ರಂಥಿ ದಣಿದಿದೆ, ಕಾರ್ಟಿಸಾಲ್ ಟೆಸ್ಟ್ ಮಾಡಿಸಿ, ಮಾತ್ರೆ ಬಿಟ್ಟು ಈ ಪುಡಿ ಶುರು ಮಾಡಿ ಎನ್ನುವ ಧಾಟಿಯ ಸಂದೇಶ ಅದು. ಕೊನೆಗೆ ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂಬ ಮನವಿಯೂ ಇರುತ್ತದೆ.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದು ನಮಗೆ ಸುಲಭವಿತ್ತು. ಆದರೆ ಇದರಲ್ಲಿ ಸಾಸಿವೆಯಷ್ಟು ನಿಜವಿದೆ, ಅಪಾಯ ಇರುವುದೂ ಅಲ್ಲೇ. ಥೈರಾಯ್ಡ್‌ಗೂ ಕಾರ್ಟಿಸಾಲ್‌ಗೂ ಸಂಬಂಧ ಇದೆ. ಕೆಲವೇ ಕೆಲವರಲ್ಲಿ ಆ ಸಂಬಂಧ ಜೀವಕ್ಕೆ ಕುತ್ತಾಗುತ್ತದೆ, ಉಳಿದ ಬಹುತೇಕರಿಗೆ ಕಾರ್ಟಿಸಾಲ್ ಪರೀಕ್ಷೆಯ ಅಗತ್ಯವೇ ಇರುವುದಿಲ್ಲ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂದು ತಿಳಿಯಲು ನಾವು ಒಬ್ಬ ರಸಾಯನ ವಿಜ್ಞಾನಿಯ ಬದುಕನ್ನು ಹೇಳುತ್ತೇವೆ. ನಿಮ್ಮ ರಿಪೋರ್ಟ್‌ನಲ್ಲಿರುವ ಟಿ4 ಎಂಬ ಸಾಲನ್ನು ಮೊದಲು ಹರಳಾಗಿ ಕಂಡವರು ಅವರು. ಕಾರ್ಟಿಸಾಲ್ ಎಂಬ ಸಾಲಿಗೆ ಎಫ್ ಎಂಬ ಅಕ್ಷರ ಕೊಟ್ಟು ಪಟ್ಟಿಗೆ ಸೇರಿಸಿದವರೂ ಅವರೇ. ಹೆಸರು ಎಡ್ವರ್ಡ್ ಕ್ಯಾಲ್ವಿನ್ ಕೆಂಡಾಲ್.

ದಂತವೈದ್ಯರ ಮಗ

ಕೆಂಡಾಲ್ ಹುಟ್ಟಿದ್ದು 1886ರ ಮಾರ್ಚ್ 8ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸೌತ್ ನಾರ್ವಾಕ್‌ನಲ್ಲಿ. ತಂದೆ ದಂತವೈದ್ಯರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1910ರಲ್ಲಿ ಡಾಕ್ಟರೇಟ್ ಪಡೆದರು. ಡೆಟ್ರಾಯಿಟ್‌ನ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಥೈರಾಯ್ಡ್ ಗ್ರಂಥಿಯೊಳಗಿನ ಅಸಲಿ ವಸ್ತುವನ್ನು ಬೇರ್ಪಡಿಸಿ ಕೊಡಿ ಎಂಬುದು ಅವರಿಗೆ ಸಿಕ್ಕ ಕೆಲಸ. ಕಂಪನಿಯ ವಾತಾವರಣ ಒಗ್ಗಲಿಲ್ಲ, ಕೆಲವೇ ತಿಂಗಳಲ್ಲಿ ಬಿಟ್ಟರು. ಕೆಲಸ ಬಿಟ್ಟರೂ ಆ ಪ್ರಶ್ನೆಯನ್ನು ಬಿಡಲಿಲ್ಲ. ನ್ಯೂಯಾರ್ಕ್‌ನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಅದನ್ನೇ ಹೊತ್ತುಕೊಂಡು ಹೋದರು, 1914ರಲ್ಲಿ ಮಿನೆಸೋಟಾ ರಾಜ್ಯದ ರೋಚೆಸ್ಟರ್‌ನಲ್ಲಿರುವ ಮೇಯೋ ಕ್ಲಿನಿಕ್‌ಗೂ ಅದನ್ನೇ ತಂದರು.

ಆ ಹೊತ್ತಿಗೆ ಗೊತ್ತಿದ್ದದ್ದು ಇಷ್ಟು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು, ಥೈರಾಯ್ಡ್ ಕೈಕೊಟ್ಟು ಮೈಯೆಲ್ಲ ಊದಿಕೊಂಡು ಮಂಕಾಗಿದ್ದ ಮಹಿಳೆಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿದ್ದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. 1895ರಲ್ಲಿ ಜರ್ಮನಿಯ ಯೂಜೆನ್ ಬೌಮನ್ ಈ ಗ್ರಂಥಿಯಲ್ಲಿ ಅಯೋಡಿನ್ ಇದೆ ಎಂದು ಕಂಡುಕೊಂಡಿದ್ದರು. ಗ್ರಂಥಿ ಕೊಟ್ಟರೆ ಗುಣವಾಗುತ್ತದೆ, ಆದರೆ ಗ್ರಂಥಿಯೊಳಗಿನ ಯಾವುದರಿಂದ ಎನ್ನುವುದು ಗೊತ್ತಿರಲಿಲ್ಲ. ಹೀಗಾಗಿ ಡೋಸ್ ಎಂಬುದು ಅಂದಾಜಿನ ಲೆಕ್ಕವಾಗಿತ್ತು. ಒಂದು ಕುರಿಯಂತೆ ಇನ್ನೊಂದು ಇರುವುದಿಲ್ಲವಲ್ಲ.

ನಿದ್ದೆ ಬಂದ ರಾತ್ರಿ

1914ರ ಡಿಸೆಂಬರ್. ಕೆಂಡಾಲ್ ರಾತ್ರಿಯಿಡೀ ಪ್ರಯೋಗಾಲಯದಲ್ಲಿದ್ದರು. ಥೈರಾಯ್ಡ್ ಸಾರ ಬೆರೆಸಿದ ಆಲ್ಕೋಹಾಲ್ ಅನ್ನು ಬಿಸಿಗಿಟ್ಟು ಆವಿ ಮಾಡುತ್ತಿದ್ದಾಗ ಕೂತಲ್ಲೇ ತೂಕಡಿಸಿದರು. ಎಚ್ಚರವಾದಾಗ ಆಲ್ಕೋಹಾಲ್ ಪೂರ್ತಿ ಆರಿಹೋಗಿ ಪಾತ್ರೆಯಲ್ಲಿ ಬಿಳಿ ಹಕ್ಕಳೆ ಮಾತ್ರ ಉಳಿದಿತ್ತು. ಹಾಲು ಉಕ್ಕಿಸಿ ಪಾತ್ರೆ ಸೀಯಿಸಿದವರಿಗೆ ಆ ಹೊಟ್ಟೆಯುರಿ ಗೊತ್ತು. ಬೇರೆ ಯಾರಾದರೂ ತೊಳೆದಿಡುತ್ತಿದ್ದರೇನೋ, ಕೆಂಡಾಲ್ ಆ ಹಕ್ಕಳೆಯಲ್ಲಿ ಅಯೋಡಿನ್ ಎಷ್ಟಿದೆ ಎಂದು ನೋಡಿದರು. ಅವರು ಹುಡುಕುತ್ತಿದ್ದ ವಸ್ತು ಅಲ್ಲೇ ಗಟ್ಟಿಯಾಗಿ ಕೂತಿತ್ತು. ಅದೇ ಜಾಡು ಹಿಡಿದು ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಶುದ್ಧ ಹರಳುಗಳನ್ನು ಪಡೆದರು. ಅದಕ್ಕೆ ಮುಂದೆ ಬಂದ ಹೆಸರು ಥೈರಾಕ್ಸಿನ್. ರಿಪೋರ್ಟ್‌ನಲ್ಲಿ ಟಿ4 ಎಂದು ಬರೆಯುವುದು ಇದನ್ನೇ.

ಹರಳು ಕಂಡದ್ದು ಒಂದು ರಾತ್ರಿಯಲ್ಲಾದರೂ ಕೈತುಂಬ ಸಿಗಲು ವರ್ಷಗಳು ಹಿಡಿದವು. ಸುಮಾರು 3 ಟನ್ ಹಂದಿ ಥೈರಾಯ್ಡ್ ಅರೆದು, ಕುದಿಸಿ, ಸೋಸಿದ ಮೇಲೆ ಅವರಿಗೆ ಒಟ್ಟು ಸಿಕ್ಕಿದ್ದು 33 ಗ್ರಾಂ. ಟ್ರ್ಯಾಕ್ಟರ್ ಟ್ರೇಲರ್ ತುಂಬ ತಂದು ಹಾಕಿದರೆ ಮೂರು ತೊಲ ಬಂಗಾರದಷ್ಟು. ಆದರೆ ಈ ಹಾರ್ಮೋನ್ ದೇಹಕ್ಕೆ ಬೇಕಾಗುವುದೂ ಅಷ್ಟೇ ಕಡಿಮೆ. 100 ಮೈಕ್ರೋಗ್ರಾಂ ಲೆಕ್ಕ ಹಿಡಿದರೆ 33 ಗ್ರಾಂನಲ್ಲಿ 3,30,000 ಮಾತ್ರೆಗಳಾಗುತ್ತವೆ, ಒಬ್ಬರು ದಿನಕ್ಕೊಂದರಂತೆ ನುಂಗಿದರೆ 900 ವರ್ಷಕ್ಕೆ ಸಾಕು. ಅರ್ಧ ಮಾತ್ರೆ ಹೆಚ್ಚುಕಮ್ಮಿಯಾದರೆ ಏನು ಮಹಾ ಎನ್ನುವವರು ಈ ಲೆಕ್ಕ ನೋಡಬೇಕು.

ಒಂದು ವಿಷಯದಲ್ಲಿ ಕೆಂಡಾಲ್ ಎಡವಿದರು. ಥೈರಾಕ್ಸಿನ್ ಅಣುವಿನ ರಚನೆಯನ್ನು ಅವರು ತಪ್ಪಾಗಿ ಊಹಿಸಿದ್ದರು, ಅದರಲ್ಲಿ ಅಯೋಡಿನ್ ಮೂರಿದೆ ಎಂದುಕೊಂಡಿದ್ದರು. 1926ರಲ್ಲಿ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್‌ಟನ್ ಸರಿಯಾದ ರಚನೆ ತೋರಿಸಿದರು, ಮರುವರ್ಷ ಜಾರ್ಜ್ ಬಾರ್ಜರ್ ಜೊತೆ ಸೇರಿ ಪ್ರಯೋಗಾಲಯದಲ್ಲೇ ತಯಾರಿಸಿದರು. ಅಯೋಡಿನ್ ನಾಲ್ಕು ಇರುವುದರಿಂದಲೇ ಅದು ಟಿ4. ಆ ಅಣುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಅಯೋಡಿನ್ನೇ ಇದೆ. ಊಟದಲ್ಲಿ ಅಯೋಡಿನ್ ಇಲ್ಲದಿದ್ದರೆ ಗ್ರಂಥಿ ಏನನ್ನು ತಾನೇ ತಯಾರಿಸೀತು? ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿದ ಮೇಲೆ ನಮ್ಮಲ್ಲೂ ಅಂಥ ಉಪ್ಪು ಬಂತು. ಅಯೋಡಿನ್ ಉಪ್ಪು ಸಿಗುವ ಕಡೆಗಳಲ್ಲಿ ಈಗ ಥೈರಾಯ್ಡ್ ಕುಗ್ಗಲು ಮುಖ್ಯ ಕಾರಣ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವ ಹಶಿಮೋಟೊ ಕಾಯಿಲೆ ಅದು.

ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಿದೆ

ಇಲ್ಲಿ ಒಂದು ಗಳಿಗೆ ಕೆಂಡಾಲ್ ಅವರನ್ನು ಬಿಟ್ಟು ರಿಪೋರ್ಟ್ ನೋಡೋಣ. ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವುದಲ್ಲ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಹಾಕುವ ಕೂಗು ಅದು. ಓಣಿಗೆ ನೀರು ಬರದಿದ್ದರೆ ವಾಲ್‌ಮ್ಯಾನ್‌ಗೆ ಫೋನ್ ಮೇಲೆ ಫೋನ್ ಹೋಗುತ್ತದೆ, ಬಂದರೆ ಫೋನ್ ನಿಲ್ಲುತ್ತದೆ. ಟಿ4 ನೀರು, ಟಿಎಸ್‌ಎಚ್ ಫೋನ್. ಹಾಗಾಗಿ ಟಿಎಸ್‌ಎಚ್ ಹೆಚ್ಚಿದ್ದು ಫ್ರೀ ಟಿ4 ಕಡಿಮೆ ಇದ್ದರೆ ಥೈರಾಯ್ಡ್ ಕುಗ್ಗಿದೆ ಎಂದರ್ಥ. ಹೆಚ್ಚು ಎಂದು ಬಂದಿದೆ, ಮಾತ್ರೆ ಕಡಿಮೆ ಮಾಡುತ್ತೇನೆ ಎಂದು ತಾವೇ ತೀರ್ಮಾನಿಸುವವರು ಉಲ್ಟಾ ಹೊರಟಿದ್ದಾರೆ. ಗರ್ಭಿಣಿಯರಲ್ಲದ ವಯಸ್ಕರಿಗೆ ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರುತ್ತದೆ, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಬದಲಾಗುತ್ತದೆ. ಟಿಎಸ್‌ಎಚ್ ತುಸು ಹೆಚ್ಚಿದ್ದು ಟಿ4 ಸರಿಯಾಗಿದ್ದರೆ ಎಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದಿಲ್ಲ, ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ.

ಥೈರಾಕ್ಸಿನ್ ನಿಧಾನದ ಹಾರ್ಮೋನ್. ರಕ್ತದಲ್ಲಿರುವ ಟಿ4 ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಡೋಸ್ ಬದಲಿಸಿದ ಮೇಲೆ 6ರಿಂದ 8 ವಾರ ಬಿಟ್ಟು ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ. ಹತ್ತೇ ದಿನಕ್ಕೆ ಮಾಡಿಸಿದ ರಿಪೋರ್ಟ್ ಹಳೆಯ ಕಥೆಯನ್ನೇ ಹೇಳುತ್ತದೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ ಕುಡಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ ಬೇಕು. ಮಾತ್ರೆ ಕೆಲಸ ಮಾಡುತ್ತಿಲ್ಲ ಎನ್ನುವ ದೂರಿಗೆ ಅಡ್ರಿನಲ್ ದಣಿವಿಗಿಂತ, ಮಾತ್ರೆಯ ಬೆನ್ನಿಗೇ ಕುಡಿದ ಚಹಾ ಕಾರಣವಾಗಿರುವ ಸಾಧ್ಯತೆ ಎಷ್ಟೋ ಹೆಚ್ಚು.

ಎ, ಬಿ, ಇ, ಎಫ್

1930ರ ದಶಕದಲ್ಲಿ ಕೆಂಡಾಲ್ ಇನ್ನೊಂದು ಗ್ರಂಥಿಯ ಕಡೆ ತಿರುಗಿದರು. ಎರಡೂ ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್. ಇದು ಕೆಟ್ಟರೆ ಬರುವ ಕಾಯಿಲೆಯನ್ನು 1855ರಲ್ಲೇ ಥಾಮಸ್ ಅಡಿಸನ್ ವಿವರಿಸಿದ್ದರು. ಚರ್ಮ ಕಪ್ಪಾಗುವುದು, ತೂಕ ಇಳಿಯುವುದು, ರಕ್ತದೊತ್ತಡ ಕುಸಿಯುವುದು, ಕೊನೆಗೆ ಸಾವು. ಇದಕ್ಕೆ ಮದ್ದು ಹುಡುಕುವುದು ಕೆಂಡಾಲ್ ಅವರ ಆಸೆ. ಗ್ರಂಥಿ ಬೇಕಲ್ಲ? ಹಿಂದೆ ತಾವು ಬಿಟ್ಟುಬಂದ ಪಾರ್ಕ್-ಡೇವಿಸ್ ಕಂಪನಿಯ ಜೊತೆಯೇ ಒಪ್ಪಂದ ಮಾಡಿಕೊಂಡರು. ಕಂಪನಿ ದನದ ಅಡ್ರಿನಲ್ ಗ್ರಂಥಿಗಳನ್ನು ಕಳಿಸುವುದು, ಕೆಂಡಾಲ್ ಅದರಿಂದ ಅಡ್ರಿನಲಿನ್ ತೆಗೆದು ಕಂಪನಿಗೆ ವಾಪಸು ಕೊಡುವುದು, ಉಳಿದ ಹೊರಪದರದ ಸಾರವನ್ನು ತಾವಿಟ್ಟುಕೊಳ್ಳುವುದು. ಹೊಟ್ಟು ನಮಗಿರಲಿ, ಕಾಳು ನಿಮಗೆ ಎಂಬಂಥ ಒಪ್ಪಂದ. ಹೊಟ್ಟಿನಲ್ಲೇ ಬಂಗಾರವಿತ್ತು.

ಸಾರದಿಂದ ಒಂದೊಂದೇ ವಸ್ತು ಬೇರೆಯಾದಂತೆ ಕೆಂಡಾಲ್ ಅವಕ್ಕೆ ಇಂಗ್ಲಿಷ್ ಅಕ್ಷರಗಳನ್ನಿಟ್ಟರು. ಎ, ಬಿ, ಹೀಗೆ. ಸ್ವಿಟ್ಜರ್‌ಲೆಂಡಿನಲ್ಲಿ ತಾಡಿಯಸ್ ರೈಕ್‌ಸ್ಟೈನ್ ಕೂಡ ಅದೇ ವಸ್ತುಗಳನ್ನು ಹುಡುಕುತ್ತಿದ್ದರು. ಈ ಪಟ್ಟಿಯ ಇ ಎಂಬುದು ಮುಂದೆ ಕಾರ್ಟಿಸೋನ್ ಆಯಿತು. ಎಫ್ ಎಂಬುದೇ ಕಾರ್ಟಿಸಾಲ್, ನಿಮ್ಮ ರಿಪೋರ್ಟ್‌ನಲ್ಲಿರುವ ಸಾಲು. ಕಾರ್ಟಿಸೋನ್ ತಾನಾಗಿ ಹೆಚ್ಚು ಕೆಲಸ ಮಾಡದು, ಮುಖ್ಯವಾಗಿ ಯಕೃತ್ತಿನಲ್ಲಿ ಕಾರ್ಟಿಸಾಲ್ ಆಗಿ ಬದಲಾದ ಮೇಲೆಯೇ ಅದಕ್ಕೆ ಬಲ.

ನಮ್ಮಂಥ ಫಾರ್ವರ್ಡ್ ಪರಿಶೀಲಿಸುವವರಿಗೆ ಕೆಂಡಾಲ್ ಬದುಕಿನಲ್ಲಿ ತುಂಬ ಇಷ್ಟವಾಗುವ ಭಾಗ ಮುಂದಿನದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಜರ್ಮನಿಯ ಪೈಲಟ್‌ಗಳಿಗೆ ಅಡ್ರಿನಲ್ ಸಾರ ಚುಚ್ಚುತ್ತಾರಂತೆ, ಅದರ ಬಲದಿಂದ ಅವರು 40,000 ಅಡಿ ಎತ್ತರದಲ್ಲಿ ಹಾರುತ್ತಾರಂತೆ. ಅಮೆರಿಕ ಸರ್ಕಾರ ಇದನ್ನು ಗಂಭೀರವಾಗಿ ತೆಗೆದುಕೊಂಡು ಅಡ್ರಿನಲ್ ಸಂಶೋಧನೆಗೆ ದೊಡ್ಡ ಆದ್ಯತೆ ಕೊಟ್ಟಿತು. ಸುದ್ದಿ ಸುಳ್ಳಾಗಿತ್ತು. ಆದರೆ ಅದರಿಂದಾಗಿ ಹುರುಪು ಪಡೆದ ಕೆಲಸ ನಿಲ್ಲಲಿಲ್ಲ. ಮರ್ಕ್ ಕಂಪನಿಯ ಯುವ ರಸಾಯನ ವಿಜ್ಞಾನಿ ಲೂಯಿಸ್ ಸ್ಯಾರೆಟ್ ಎತ್ತಿನ ಪಿತ್ತರಸದಿಂದ ಕಾರ್ಟಿಸೋನ್ ತಯಾರಿಸುವ ದಾರಿ ಕಂಡುಕೊಂಡರು. ಸುಳ್ಳು ಸುದ್ದಿಯಿಂದ ಒಳ್ಳೆಯದಾದ ಉದಾಹರಣೆ ನಮಗೆ ಸಿಕ್ಕಿರುವುದು ಇದೊಂದೇ, ಇದನ್ನೇ ನೆಪ ಮಾಡಿಕೊಳ್ಳಬೇಡಿ.

ಮೇಯೋದಲ್ಲಿ ಫಿಲಿಪ್ ಹೆಂಚ್ ಎಂಬ ಕೀಲುರೋಗ ವೈದ್ಯರಿದ್ದರು. ಕಾಮಾಲೆಯಾದಾಗ ಮತ್ತು ಗರ್ಭಿಣಿಯಾದಾಗ ಸಂಧಿವಾತದ ರೋಗಿಗಳ ನೋವು ಇಳಿಯುವುದನ್ನು ಅವರು ವರ್ಷಗಳಿಂದ ಗಮನಿಸುತ್ತ ಬಂದಿದ್ದರು. ದೇಹದೊಳಗಿನ ಯಾವುದೋ ವಸ್ತು ಇದಕ್ಕೆ ಕಾರಣವಿರಬೇಕು, ಇ ಪ್ರಯತ್ನಿಸಬೇಕು ಎಂದು 1941ರಲ್ಲೇ ಕೆಂಡಾಲ್ ಜೊತೆ ಮಾತಾಗಿತ್ತು. ಸಾಕಷ್ಟು ಔಷಧ ಸಿಗಲು ಏಳು ವರ್ಷ ಕಾಯಬೇಕಾಯಿತು. 1948ರ ಸೆಪ್ಟೆಂಬರ್ 21ರಂದು, ಸಂಧಿವಾತದಿಂದ ಹೊರಳಲೂ ಕಷ್ಟಪಡುತ್ತಿದ್ದ 29 ವರ್ಷದ ಮಹಿಳೆಗೆ ಮೊದಲ ಚುಚ್ಚುಮದ್ದು ಬಿತ್ತು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು, ಪೇಟೆಗೆ ಹೋಗಿ ಬಂದರು. 1950ರಲ್ಲಿ ಕೆಂಡಾಲ್, ಹೆಂಚ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು.

ಪವಾಡದ ಸುದ್ದಿ ಹರಡಿದಷ್ಟು ಬೇಗ ಅದರ ಬೆಲೆಯೂ ಕಂಡಿತು. ಹೆಚ್ಚು ದಿನ ಕೊಟ್ಟರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಹೊರಗಿನಿಂದ ಬರುತ್ತಿದೆಯಲ್ಲ ಎಂದು ದೇಹದ ಸ್ವಂತ ಅಡ್ರಿನಲ್ ಕೆಲಸ ನಿಲ್ಲಿಸುತ್ತದೆ, ಥಟ್ಟನೆ ಔಷಧ ಬಿಟ್ಟರೆ ಮನುಷ್ಯ ಕುಸಿಯುತ್ತಾನೆ. ಇದು ನಮ್ಮ ಊರುಗಳಿಗೆ ದೂರದ ಮಾತಲ್ಲ. ಮಂಡಿನೋವಿಗೆ ಎಂದು ಸಂತೆಯಲ್ಲಿ, ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾಯಿತು ಎಂದರೆ ಖುಷಿಪಡುವ ಮೊದಲು ಅನುಮಾನಪಡಬೇಕು. ಅಂಥದ್ದನ್ನು ತಿಂಗಳುಗಟ್ಟಲೆ ತಿಂದವರ ಕಾರ್ಟಿಸಾಲ್ ನಿಜಕ್ಕೂ ಕಡಿಮೆ ಬರುತ್ತದೆ. ಫಾರ್ವರ್ಡ್ ಹೇಳುವ ದಣಿವಿನಿಂದಲ್ಲ, ಪುಡಿಯಿಂದ.

ಗಡಿಯಾರ ನೋಡದೆ ಕಾರ್ಟಿಸಾಲ್ ಓದಬೇಡಿ

ಟಿಎಸ್‌ಎಚ್ ಅನ್ನು ದಿನದ ಯಾವ ಹೊತ್ತಿನಲ್ಲಿ ಕೊಟ್ಟರೂ ಹೆಚ್ಚೇನೂ ದಾರಿ ತಪ್ಪುವುದಿಲ್ಲ. ಕಾರ್ಟಿಸಾಲ್ ಹಾಗಲ್ಲ. ಅದು ಬೆಳಗಿನ 8ರ ಸುಮಾರಿಗೆ ಏರಿರುತ್ತದೆ, ಸಂಜೆಗೆ ಅರ್ಧಕ್ಕೂ ಇಳಿಯಬಹುದು, ನಡುರಾತ್ರಿಗೆ ತಳ ಕಾಣುತ್ತದೆ. ರಿಪೋರ್ಟ್‌ನಲ್ಲಿ ಅಚ್ಚಾಗಿರುವ 5ರಿಂದ 25 ಮೈಕ್ರೋಗ್ರಾಂ ಆಸುಪಾಸಿನ ಮಿತಿ ಬೆಳಗಿನ ರಕ್ತಕ್ಕೆ ಸಂಬಂಧಿಸಿದ್ದು. ಕೊಟ್ಟೂರಿನಿಂದಲೋ ಹಡಗಲಿಯಿಂದಲೋ ಬಸ್ ಹತ್ತಿ ಹೊಸಪೇಟೆ ಅಥವಾ ದಾವಣಗೆರೆ ತಲುಪಿ, ಸರದಿಯಲ್ಲಿ ನಿಂತು, ಮಧ್ಯಾಹ್ನ ಎರಡಕ್ಕೆ ರಕ್ತ ಕೊಟ್ಟವರ ಸಂಖ್ಯೆ 6 ಬಂದರೆ ಅದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲದಿರಬಹುದು. ರಿಪೋರ್ಟ್‌ನಲ್ಲಿ ರಕ್ತ ತೆಗೆದ ಸಮಯ ಮತ್ತು ರಿಪೋರ್ಟ್ ಬಂದ ಸಮಯ ಬೇರೆ ಬೇರೆ ಇರುತ್ತವೆ. ಮೊದಲನೆಯದನ್ನು ನೋಡಿ.

ಸಮಯ ಸರಿಯಿದ್ದರೂ ಇನ್ನೊಂದಿಷ್ಟು ಗೊಂದಲಗಳಿವೆ. ಜ್ವರ, ನಿದ್ದೆಗೇಡು, ಗಾಬರಿ ಕಾರ್ಟಿಸಾಲ್ ಏರಿಸುತ್ತವೆ. ಗರ್ಭನಿರೋಧಕ ಮಾತ್ರೆ ಮತ್ತು ಗರ್ಭಧಾರಣೆಯಲ್ಲೂ ಸಂಖ್ಯೆ ಹೆಚ್ಚಿರುತ್ತದೆ, ಏಕೆಂದರೆ ರಕ್ತದಲ್ಲಿ ಅದನ್ನು ಹೊತ್ತು ಸಾಗುವ ಪ್ರೋಟೀನ್ ಹೆಚ್ಚುತ್ತದೆ. ಕೂದಲು ಉದುರುವುದಕ್ಕೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ, ಟಿ4 ಮತ್ತು ಕಾರ್ಟಿಸಾಲ್ ಅನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ. ಥೈರಾಯ್ಡ್ ಕುಗ್ಗಿದವರಲ್ಲಿ ಕೂದಲು ಉದುರುವುದು ಸಾಮಾನ್ಯವಾದ್ದರಿಂದ ಈ ಎಡವಟ್ಟು ಅವರಿಗೇ ಹೆಚ್ಚು. ಪರೀಕ್ಷೆಗೆ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ಲ್ಯಾಬ್‌ನವರಿಗೂ ತಿಳಿಸಿ.

ಬೆಳಗಿನ ಸರಿಯಾದ ಹೊತ್ತಿನಲ್ಲಿ ತೆಗೆದ ಕಾರ್ಟಿಸಾಲ್ 3ಕ್ಕಿಂತ ಕಡಿಮೆ ಇದ್ದರೆ ಕೊರತೆಯ ಅನುಮಾನ ಗಟ್ಟಿ. 15-18 ದಾಟಿದ್ದರೆ ಕೊರತೆ ಇರುವ ಸಾಧ್ಯತೆ ಕಡಿಮೆ. ನಡುವೆ ಬಂದರೆ ಆ ಒಂದು ಸಂಖ್ಯೆಯಿಂದ ತೀರ್ಮಾನವಾಗದು, ಎಸಿಟಿಎಚ್ ಚುಚ್ಚಿ ಅಡ್ರಿನಲ್ ಓಗೊಡುತ್ತದೆಯೇ ಎಂದು ನೋಡುವ ಪರೀಕ್ಷೆ ಬೇಕು. ಅಡ್ರಿನಲ್ ದಣಿವು ಎಂಬ ಹೆಸರಿನ ಕಾಯಿಲೆಯನ್ನು ಹಾರ್ಮೋನ್ ತಜ್ಞರ ಸಂಘಟನೆಗಳು ಒಪ್ಪುವುದಿಲ್ಲ. ಅಡ್ರಿನಲ್ ಕೊರತೆ ಎಂಬುದು ನಿಜವಾದ ಕಾಯಿಲೆ, ಅಪರೂಪದ್ದು, ಚಿಕಿತ್ಸೆ ಇಲ್ಲದಿದ್ದರೆ ಕೊಲ್ಲುವಂಥದ್ದು.

ಮೊದಲು ಯಾವುದು?

ಈಗ ಆ ಸಾಸಿವೆಯಷ್ಟು ನಿಜಕ್ಕೆ ಬರೋಣ. ಥೈರಾಯ್ಡ್ ಕುಗ್ಗಿದಾಗ ದೇಹ ಕಾರ್ಟಿಸಾಲ್ ಅನ್ನು ನಿಧಾನವಾಗಿ ಕರಗಿಸುತ್ತದೆ. ಅಡ್ರಿನಲ್ ಚೆನ್ನಾಗಿದ್ದವರಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಉತ್ಪಾದನೆಯೂ ಅದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಅಡ್ರಿನಲ್ ಕೂಡ ಸೋತಿರುವ ವ್ಯಕ್ತಿ ಆ ನಿಧಾನದಿಂದಲೇ ಹೇಗೋ ದಿನ ತಳ್ಳುತ್ತಿರುತ್ತಾರೆ. ಅವರಿಗೆ ಥೈರಾಕ್ಸಿನ್ ಮಾತ್ರ ಕೊಟ್ಟರೆ ಇರುವ ಚೂರು ಕಾರ್ಟಿಸಾಲ್ ಬೇಗ ಖರ್ಚಾಗಿ, ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ ಶುರುವಾಗಬಹುದು. ಇಂಥವರಿಗೆ ವೈದ್ಯರು ಮೊದಲು ಕೆಂಡಾಲ್ ಪಟ್ಟಿಯ ಎಫ್ ಕೊಡುತ್ತಾರೆ, ಅಂದರೆ ಹೈಡ್ರೋಕಾರ್ಟಿಸೋನ್, ಆಮೇಲೆ ಟಿ4. ಅವರು ಟಿ4 ಮೊದಲು ಕಂಡು ಎಫ್ ನಂತರ ಕಂಡರು, ಚಿಕಿತ್ಸೆಯಲ್ಲಿ ಆ ಕ್ರಮ ತಿರುಗುಮುರುಗು.

ಯಾರಲ್ಲಿ ಈ ಅನುಮಾನ ಬರಬೇಕು? ಚರ್ಮ ಮತ್ತು ವಸಡು ಕಪ್ಪಾಗುತ್ತಿರುವವರು, ಉಪ್ಪಿಗಾಗಿ ಬಾಯಿ ಬಿಡುವವರು, ಥೈರಾಯ್ಡ್ ಕುಗ್ಗಿದ್ದರೂ ದಪ್ಪಗಾಗುವ ಬದಲು ಸಣ್ಣಗಾಗುತ್ತಿರುವವರು, ಹಿಂದೆ ಕ್ಷಯ ಬಂದಿದ್ದವರು. ಕ್ಷಯ ಅಡ್ರಿನಲ್ ಗ್ರಂಥಿಯನ್ನೂ ತಿನ್ನಬಲ್ಲದು. ಅಡ್ರಿನಲ್ ಕೊರತೆಯಿಂದಲೇ ಟಿಎಸ್‌ಎಚ್ ಸ್ವಲ್ಪ ಏರಿರುವುದೂ ಉಂಟು, ಸ್ಟೀರಾಯ್ಡ್ ಕೊಟ್ಟಾಗ ಅದು ತಾನಾಗಿ ಇಳಿಯುತ್ತದೆ.

ಇನ್ನೊಂದು ಗುಂಪು ನಮ್ಮ ಮನೆಗಳಲ್ಲೇ ಇರಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದ್ದ ಅವ್ವ, ಅತ್ತಿಗೆ, ಚಿಕ್ಕಮ್ಮ. ಬಸಿರಿನಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ, ರಕ್ತ ಸಾಲದಾದರೆ ಅದರ ಭಾಗ ಸಾಯುತ್ತದೆ. 1937ರಲ್ಲಿ ಹೆರಾಲ್ಡ್ ಶೀಹನ್ ಇದನ್ನು ವಿವರಿಸಿದರು. ಆ ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಕಂಕುಳ ಕೂದಲು ಉದುರುತ್ತದೆ, ವರ್ಷಗಟ್ಟಲೆ ಸುಸ್ತು. ಸೋಮಾರಿ ಎಂಬ ಬಿರುದೂ ಸಿಕ್ಕಿರುತ್ತದೆ. ಇವರ ಟಿಎಸ್‌ಎಚ್ ಮಾತ್ರ ನೋಡಿದರೆ ಎಲ್ಲ ಸರಿಯಾಗಿದೆ ಎಂದೇ ಕಾಣಬಹುದು, ಏಕೆಂದರೆ ಇಲ್ಲಿ ಫೋನ್ ಮಾಡಬೇಕಾದವರೇ ಇಲ್ಲ. ಫ್ರೀ ಟಿ4 ಕಡಿಮೆಯಿದ್ದು ಟಿಎಸ್‌ಎಚ್ ಏರದೇ ಇದ್ದರೆ ಬೆಳಗಿನ ಕಾರ್ಟಿಸಾಲ್ ನೋಡಲೇಬೇಕು. ಹೆರಿಗೆಯಾಗಿ ಹತ್ತಿಪ್ಪತ್ತು ವರ್ಷವಾಗಿದ್ದರೂ ಡಾಕ್ಟರ್‌ಗೆ ಆ ರಕ್ತಸ್ರಾವದ ವಿಷಯ ಹೇಳಿ. ಕೇಳದಿದ್ದರೂ ಹೇಳಿ.

ಈ ಲಕ್ಷಣಗಳಿದ್ದವರು ಥೈರಾಯ್ಡ್ ಮಾತ್ರೆಯನ್ನು ತಾವಾಗಿ ಬಿಡುವುದಲ್ಲ, ರಿಪೋರ್ಟ್ ಹಿಡಿದು ಫಿಸಿಶಿಯನ್ ಬಳಿ ಹೋಗಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು, ತಿಳಿದೋ ತಿಳಿಯದೆಯೋ, ಅದನ್ನೂ ಒಮ್ಮೆಲೇ ನಿಲ್ಲಿಸಬಾರದು. ವಾಂತಿ ನಿಲ್ಲದೆ ತಲೆ ತಿರುಗಿ ಬೀಳುವಂತಾದರೆ ರಿಪೋರ್ಟ್ ಬರುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೆಂಡಾಲ್ 1951ರಲ್ಲಿ 65 ತುಂಬಿ ಮೇಯೋದಿಂದ ನಿವೃತ್ತರಾದರು. ನೊಬೆಲ್ ಬಂದ ಮೇಲೂ ಅಲ್ಲಿ ನಿಯಮ ನಿಯಮವೇ. ಪ್ರಿನ್ಸ್‌ಟನ್‌ಗೆ ಹೋಗಿ ಮತ್ತೆ ಪ್ರಯೋಗಾಲಯ ಹೂಡಿದರು, 1971ರಲ್ಲಿ ಕಾರ್ಟಿಸೋನ್ ಎಂಬ ಹೆಸರಿನ ಆತ್ಮಕಥೆ ಪ್ರಕಟಿಸಿದರು, 1972ರ ಮೇ 4ರಂದು ತೀರಿಕೊಂಡರು. ಅವರು ಹರಳು ಕಂಡ ಕಾಲದಲ್ಲಿ ರಕ್ತದಲ್ಲಿ ಟಿ4 ಅಳೆಯುವ ದಾರಿಯೇ ಇರಲಿಲ್ಲ. ರೋಗಿಯನ್ನು ಮಲಗಿಸಿ, ಉಸಿರಾಟದಲ್ಲಿ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ ಥೈರಾಯ್ಡ್ ಅಂದಾಜು ಮಾಡುತ್ತಿದ್ದರು. ಹಾರ್ಮೋನ್‌ಗಳನ್ನು ರಕ್ತದ ಹನಿಯಲ್ಲೇ ಅಳೆಯುವ ವಿಧಾನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅವರಿಂದ ಬಂದದ್ದು 1950ರ ದಶಕದ ಕೊನೆಯಲ್ಲಿ, ಇನ್ಸುಲಿನ್‌ನಿಂದ ಮೊದಲುಗೊಂಡು. ಆಗ ಕೆಂಡಾಲ್ ಎಪ್ಪತ್ತು ದಾಟಿದ್ದರು.